ಅರವತ್ತಮೂರರ ಅಪ್ಪನನ್ನು ಅಂಡಮಾನಿನ ಹವಳ ತೋರಿಸಲು ಕರೆದೊಯ್ಯಬೇಕೆಂದಿದ್ದೇನೆ: ಸ್ಕೂಬಾ ಮಾಡಿಸಬಹುದೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 63 ವರ್ಷ. ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದಾರೆ. ಹವಳವೆಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟ ಅವರು ಜೀವಂತ ಹವಳವನ್ನು ಒಂದು ಸಲವೂ ಕಂಡವರಲ್ಲ. ಬರುವ ಫೆಬ್ರುವರಿಯಲ್ಲಿ ಅವರನ್ನು ಎಂಟು ದಿನ ಅಂಡಮಾನಿಗೆ ಕರೆದೊಯ್ಯಬೇಕೆಂದು ನಿಶ್ಚಯಿಸಿದ್ದೇನೆ. ಅಮ್ಮನಿಗೆ ದೋಣಿಯ ಪ್ರಯಾಣ ಒಗ್ಗುವುದಿಲ್ಲವಾದ್ದರಿಂದ ಅಪ್ಪ, ಮಗಳು ನಾವಿಬ್ಬರೇ ಹೋಗುವುದು.

ಅಪ್ಪ ಒಂಬತ್ತು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಒತ್ತಡ ಹಿಡಿತದಲ್ಲಿದೆ. ಸಕ್ಕರೆ ಕಾಯಿಲೆ ಇಲ್ಲ. ಹುಡುಗರಾಗಿದ್ದಾಗ ತುಂಗೆಯಲ್ಲಿ ಈಜಿದವರು. ಪ್ರತಿದಿನ ಪ್ರಾಣಾಯಾಮ ಮಾಡುತ್ತಾರೆ, ಒಂದೂವರೆ ನಿಮಿಷ ಉಸಿರು ಹಿಡಿಯಬಲ್ಲೆನೆಂಬ ಧೈರ್ಯ ಅವರಿಗಿದೆ. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಉಸಿರಾಡುತ್ತ ನೀರಿನೊಳಗೆ ಇಳಿಯುವುದು, ಅದನ್ನು ಮಾಡಿಸುವ ಒಂದು ಕೇಂದ್ರದವರನ್ನು ಫೋನಿನಲ್ಲಿ ಮಾತನಾಡಿಸಿದೆ. ಅವರು, ಬಿಪಿ ವಿಷಯವನ್ನು ಅರ್ಜಿಯಲ್ಲಿ ಬರೆಯಬೇಡಿ, ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿಬಿಡಿ, ಏನೂ ಆಗುವುದಿಲ್ಲ ಎಂದರು. ಆ ಮಾತು ಕೇಳಿದ ಮೇಲೆ ನನಗೆ ನೆಮ್ಮದಿ ಇಲ್ಲದಂತಾಗಿದೆ. ಈ ವಯಸ್ಸಿನಲ್ಲಿ ಅವರನ್ನು ನೀರಿಗಿಳಿಸುವುದು ಸರಿಯೇ? ಸ್ಕೂಬಾ ಬಿಟ್ಟರೆ ಅಷ್ಟು ದೂರ ಹೋಗಿದ್ದಕ್ಕೆ ಅವರಿಗೆ ತೃಪ್ತಿಯಾಗುವಂಥದ್ದು ಏನಿದೆ? ಅವರಿಗೆ ಹಕ್ಕಿಗಳ ಹುಚ್ಚೂ ಇದೆ. ಹಿರಿಯರನ್ನು ಕರೆದುಕೊಂಡು ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ: ಕಡಲಂಚು

ನಾನು ಉಡುಪಿಯವನು. ಎರಡು ವರ್ಷದ ಹಿಂದೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಆಗ ಅವರಿಗೆ 61. ನೀವು ಕೇಳಿದ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪು ಅಲ್ಲಿಯೇ ಇತ್ತು. ಸ್ಕೂಬಾವನ್ನೇ ಮುಖ್ಯವಾಗಿಟ್ಟುಕೊಂಡು ಉಳಿದ ದಿನಗಳನ್ನು ಅದರ ಸುತ್ತ ತುಂಬಿಸಿದ್ದೆ. ಮೊದಲ ದಿನ ಸೆಲ್ಯುಲರ್ ಜೈಲು, ಮಾರನೆಯ ದಿನ ಮಧ್ಯರಾತ್ರಿ ಎದ್ದು ಬಾರಾತಂಗ್, ಅದರ ಮರುದಿನ ಹಡಗು, ಅದರ ಮರುದಿನ ಬೆಳಗ್ಗೆ ಆರಕ್ಕೆ ಸ್ಕೂಬಾ. ಬಾರಾತಂಗಿನ ಸುಣ್ಣದ ಗುಹೆ ನೋಡಬೇಕೆಂದರೆ ಜಿರ್ಕಾಟಾಂಗ್ ತನಿಖಾ ಠಾಣೆಯಲ್ಲಿ ಬೆಳಗಿನ ವಾಹನ ಸಾಲಿಗೆ ಸೇರಿಕೊಳ್ಳಬೇಕು. ಅಲ್ಲಿಂದ ಮುಂದೆ ರಸ್ತೆ ದ್ವೀಪದ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಆ ಜನರ ಬದುಕಿನ ನಡುವೆ ನಮ್ಮ ಕಾರು ನುಗ್ಗಿಸಿಕೊಂಡು ಹೋದದ್ದು ಅಮ್ಮನಿಗೂ ನನಗೂ ಮನಸ್ಸಿಗೆ ಹಿತವೆನಿಸಲಿಲ್ಲ. ಎರಡನೆಯ ಬಾರಿ ಹೋದರೆ ಆ ದಾರಿಯನ್ನು ನಾನು ಹಿಡಿಯುವುದಿಲ್ಲ. ನೀವೂ ಬಿಟ್ಟುಬಿಡಿ ಎಂಬುದು ನನ್ನ ಕಳಕಳಿಯ ಸಲಹೆ.

ಅಷ್ಟು ಓಡಾಟದ ನಂತರ ಸ್ವರಾಜ್ ದ್ವೀಪದಲ್ಲಿ, ಅಂದರೆ 2018ರವರೆಗೆ ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ ದ್ವೀಪದಲ್ಲಿ, ಅಮ್ಮ ನೀರಿಗಿಳಿಯುವ ಹೊತ್ತಿಗೆ ದಣಿದುಹೋಗಿದ್ದರು. ನಿಮೋ ರೀಫ್ ಎಂಬಲ್ಲಿ ದಂಡೆಯಿಂದಲೇ ನಡೆದು ನೀರಿಗೆ ಇಳಿಯಬಹುದು. ದೋಣಿಯ ಏಣಿ ಹತ್ತಿ ಇಳಿಯುವ ಕಷ್ಟ ಇಲ್ಲದಿರುವುದರಿಂದ ಮಂಡಿನೋವಿನ ಹಿರಿಯರಿಗೆ ಆ ಜಾಗ ವಾಸಿ. ಸೊಂಟದ ಮಟ್ಟದ ನೀರಿನಲ್ಲಿ ಉಸಿರಾಟದ ಅಭ್ಯಾಸವೆಲ್ಲ ಸರಿಯಾಗಿ ಆಯಿತು. ಮೂರು ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಅಮ್ಮ ಎಡಗಿವಿಯ ಕಡೆ ಬೆರಳು ತೋರಿಸಿ, ಅಂಗೈಯನ್ನು ಆಚೀಚೆ ಅಲುಗಿಸಿದರು. ತೊಂದರೆಯಾಗುತ್ತಿದೆ ಎನ್ನುವುದಕ್ಕೆ ನೀರಿನೊಳಗೆ ಅದೇ ಸನ್ನೆ. ತರಬೇತುದಾರ ಹುಡುಗ ಬಹಳ ತಿಳಿವಳಿಕೆಯವನು. ಒಂದು ಮೀಟರ್ ಮೇಲಕ್ಕೆ ತಂದು, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಲು ಹೇಳಿ ನೋಡಿದ. ಕಿವಿ ಕಟ್ಟಿದ್ದು ಬಿಡಲಿಲ್ಲ. ಒತ್ತಾಯಿಸದೆ ಮೇಲಕ್ಕೆ ಕರೆತಂದ. ಹಿಂದಿನ ದಿನ ಹಡಗಿನ ಹವಾನಿಯಂತ್ರಣದಲ್ಲಿ ಕುಳಿತು ಅವರಿಗೆ ಶೀತವಾಗಿತ್ತು, ನಾನು ಅದನ್ನು ಗಮನಿಸಿರಲಿಲ್ಲ.

ಆದರೆ ಅಮ್ಮನ ಪ್ರವಾಸ ಸಾರ್ಥಕವಾದದ್ದು ಶಹೀದ್ ದ್ವೀಪದಲ್ಲಿ, ಹಳೆಯ ಹೆಸರು ನೀಲ್. ಲಕ್ಷ್ಮಣಪುರದ ಕಲ್ಲುಕಮಾನಿನ ಬಳಿ ಕಡಲು ಇಳಿದಾಗ ಬಂಡೆಗಳ ನಡುವೆ ಮೊಣಕಾಲುದ್ದದ ನೀರಿನ ಗುಂಡಿಗಳು ಉಳಿಯುತ್ತವೆ. ಅವುಗಳಲ್ಲಿ ಹವಳ, ಸಮುದ್ರಸೌತೆ, ಏಡಿ, ಬಾಯಿ ತೆರೆದುಕೊಂಡು ಕುಳಿತ ದೊಡ್ಡ ಚಿಪ್ಪಿನ ಜೀವಿಗಳು ಎಲ್ಲವನ್ನೂ ಬಗ್ಗಿ ನೋಡಬಹುದು. ಕಡಲಿನ ಪಕ್ಕದಲ್ಲೇ ಬೆಳೆದ ನಾವೇ ಎರಡು ಗಂಟೆ ಅಲ್ಲಿಂದ ಕದಲಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚು, ಆದ್ದರಿಂದ ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿಕೊಳ್ಳಿ. ಬಂಡೆಗಳ ಮೇಲೆ ಪಾಚಿ ಇರುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ, ಅಡಿಗೆ ಹಿಡಿತವಿರುವ ಚಪ್ಪಲಿ ಬೇಕು.

ಉತ್ತರ: ನಾಡಿಮಿಡಿತ

ನಾನು ವೈದ್ಯ, ಹವ್ಯಾಸಕ್ಕೆ ಸ್ಕೂಬಾ ಕಲಿತವನು. ನಿಮ್ಮ ತಂದೆಯವರನ್ನು ಪರೀಕ್ಷಿಸದೆ ಹೌದು ಅಥವಾ ಇಲ್ಲ ಎನ್ನುವ ಅಧಿಕಾರ ನನಗಿಲ್ಲ. ಆದರೆ ಪ್ರಶ್ನೆಯನ್ನು ಯಾರ ಮುಂದೆ, ಹೇಗೆ ಇಡಬೇಕೆಂಬುದನ್ನು ಹೇಳಬಲ್ಲೆ.

ಅರ್ಜಿಯಲ್ಲಿ ಬಿಪಿ ಮುಚ್ಚಿಡಿ ಎಂದ ಕೇಂದ್ರಕ್ಕೆ ಹೋಗಲೇಬೇಡಿ. ಸ್ಕೂಬಾ ಕೇಂದ್ರಗಳು ಸಾಮಾನ್ಯವಾಗಿ ಬಳಸುವ ಆರೋಗ್ಯ ಪ್ರಶ್ನಾವಳಿಯಲ್ಲಿ 45 ದಾಟಿದವರಿಗೆಂದೇ ಪ್ರತ್ಯೇಕ ಭಾಗವಿದೆ. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಮನೆತನದಲ್ಲಿ ಹೃದ್ರೋಗ ಇವುಗಳನ್ನು ಅಲ್ಲಿ ಕೇಳುತ್ತಾರೆ. ಒಂದಕ್ಕೆ ಹೌದು ಎಂದರೂ ಪ್ರವಾಸ ರದ್ದಾಯಿತೆಂದು ಅರ್ಥವಲ್ಲ, ವೈದ್ಯರ ಸಹಿ ಬೇಕೆಂದು ಅರ್ಥ. ಆ ಸಹಿಯನ್ನು ದ್ವೀಪಕ್ಕೆ ಹೋದಮೇಲೆ ಹುಡುಕಲು ಆಗದು, ಊರಿನಲ್ಲೇ ಮಾಡಿಸಿಕೊಳ್ಳಬೇಕು. ಕೆಲವು ಕೇಂದ್ರಗಳು ವಯಸ್ಸಿನ ಮಿತಿಯನ್ನೂ ಇಟ್ಟುಕೊಂಡಿರುತ್ತವೆ, ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಇದೆಲ್ಲ ಬರಿಯ ಕಾಗದದ ಶಾಸ್ತ್ರವೆಂದು ತಿಳಿಯಬೇಡಿ. ನಿಂತಾಗ ನಮ್ಮ ಕಾಲುಗಳಲ್ಲಿ ಇಳಿದಿರುವ ರಕ್ತ, ಕುತ್ತಿಗೆಯವರೆಗೆ ನೀರಿನಲ್ಲಿ ಇಳಿದೊಡನೆ, ನೀರಿನ ಒತ್ತಡಕ್ಕೆ ಎದೆಯ ಕಡೆಗೆ ಸರಿಯುತ್ತದೆ. ಹೃದಯ ಒಮ್ಮೆಲೇ ಹೆಚ್ಚು ರಕ್ತವನ್ನು ನಿಭಾಯಿಸಬೇಕಾಗುತ್ತದೆ. ಇದರ ಜೊತೆಗೆ ತಂಪು, ಭಯ, ಪ್ರವಾಹಕ್ಕೆ ಎದುರಾಗಿ ಕಾಲು ಬಡಿಯುವ ಶ್ರಮ ಸೇರಿಕೊಳ್ಳುತ್ತವೆ. ರಕ್ತದೊತ್ತಡ ಇರುವವರಲ್ಲಿ ಕೆಲವರಿಗೆ ನೀರಿನೊಳಗಿರುವಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಅಪಾಯವಿದೆ. ಆದುದರಿಂದ ಒತ್ತಡ ಹಿಡಿತದಲ್ಲಿದೆ ಎಂಬ ಒಂದೇ ಮಾತು ಸಾಲದು, ಶ್ರಮ ಬಿದ್ದಾಗ ಹೃದಯ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಹೃದ್ರೋಗ ತಜ್ಞರಲ್ಲಿ ಟ್ರೆಡ್‌ಮಿಲ್ ಪರೀಕ್ಷೆ, ಕಿವಿ ಮೂಗು ಗಂಟಲು ತಜ್ಞರಲ್ಲಿ ಕಿವಿತಮಟೆಯ ಪರೀಕ್ಷೆ, ಇವೆರಡನ್ನೂ ಮಾಡಿಸಿ. ಮಾತ್ರೆಯ ಹೆಸರನ್ನು ಮರೆಯದೆ ತೋರಿಸಿ. ಬಿಪಿಗೆ ಕೊಡುವ ಕೆಲವು ಔಷಧಿಗಳು ಹೃದಯದ ವೇಗವನ್ನು ತಗ್ಗಿಸುವುದರಿಂದ ಶ್ರಮ ತಾಳುವ ಶಕ್ತಿ ಕಡಿಮೆಯಾಗುತ್ತದೆ.

ಇನ್ನು ಪ್ರಾಣಾಯಾಮದ ವಿಷಯ. ಇದನ್ನು ತಂದೆಯವರಿಗೆ ನೀವೇ ಎದುರು ಕುಳಿತು ಹೇಳಬೇಕು. ಸ್ಕೂಬಾದಲ್ಲಿ ಮೊದಲನೆಯ ನಿಯಮವೇ ಉಸಿರು ಹಿಡಿಯಬಾರದು ಎಂಬುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಒಂದು ಪೂರ್ತಿ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹೊರಗೆ ಬಿಡದೆ ಕುಂಭಕದಲ್ಲಿ ಹಿಡಿದುಕೊಂಡು ಮೇಲೇರಿದರೆ ಶ್ವಾಸಕೋಶ ಹರಿದುಹೋಗಬಹುದು, ಆಳ ಒಂದೆರಡು ಮೀಟರ್ ಇದ್ದರೂ ಈ ಅಪಾಯ ತಪ್ಪಿದ್ದಲ್ಲ. ಅನೇಕ ವರ್ಷಗಳ ಅಭ್ಯಾಸವಿದ್ದವರಿಗೆ ಗಾಬರಿಯಾದಾಗ ದೇಹ ತಾನಾಗಿ ಉಸಿರು ಕಟ್ಟಬಹುದು, ಆದ್ದರಿಂದ ಅವರಿಗೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಪರವಾನಗಿ ಇಲ್ಲದವರನ್ನು ಪರಿಚಯಕ್ಕೆಂದು ಇಳಿಸುವಾಗ 12 ಮೀಟರ್ ಮೀರಬಾರದೆಂಬ ನಿಯಮವಿದೆ. ಹಿರಿಯರಿಗೆ ಐದಾರು ಮೀಟರ್ ಧಾರಾಳವಾಗಿ ಸಾಕು, ಬೆಳಕೂ ಬಣ್ಣವೂ ಅಲ್ಲೇ ಹೆಚ್ಚು. ಒಂದು ಸಲ ಇಳಿದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಪೂರ್ತಿ ಒಂದು ದಿನ ಬಿಡುವುದನ್ನೇ ನಾನು ಒಪ್ಪುತ್ತೇನೆ.

ಸ್ಕೂಬಾ ಬೇಡವೆಂದಾದರೆ ಸ್ನಾರ್ಕೆಲ್, ಅಂದರೆ ಬಾಯಲ್ಲಿ ಕೊಳವೆ ಇಟ್ಟುಕೊಂಡು ಮೇಲ್ಮೈಯಲ್ಲಿ ತೇಲುತ್ತ ಕೆಳಗೆ ನೋಡುವುದನ್ನು, ಮಾಡಿಸುತ್ತೇವೆಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಅದೂ ಹೃದಯಕ್ಕೆ ಕೆಲಸವೇ. ಲೈಫ್ ಜಾಕೆಟ್, ಹಿಡಿದುಕೊಳ್ಳಲು ಗಾಳಿ ತುಂಬಿದ ಬಳೆ, ಪಕ್ಕದಲ್ಲೇ ಈಜುವ ಮಾರ್ಗದರ್ಶಿ ಮೂರೂ ಇದ್ದರೆ ಮಾತ್ರ ಇಳಿಸಿ. ಸುಸ್ತು, ಕೆಮ್ಮು, ಎದೆಬಿಗಿತ ಕಂಡರೆ ಆ ಕ್ಷಣವೇ ಹೊರಗೆ ಕರೆತನ್ನಿ.

ಉತ್ತರ: ಕಾಜಾಣ

ಮೇಷ್ಟ್ರಿಗೆ ಹಕ್ಕಿ ಹುಚ್ಚು ಇದೆಯೆಂದು ಬರೆದಿದ್ದೀರಿ, ಆದ್ದರಿಂದ ಈ ಉತ್ತರ. ಅಂಡಮಾನಿನ ಕಾಡಿಗೆ ಹೋಗುವವರು ನಮ್ಮ ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ತಬ್ಬಿಬ್ಬಾಗುತ್ತಾರೆ. ಮರಗಳು ಅಷ್ಟೇ ಎತ್ತರ, ಅಷ್ಟೇ ಹಸಿರು. ಆದರೆ ಕೊಂಬೆಗಳಲ್ಲಿ ಮಂಗಗಳಿಲ್ಲ, ನೆಲದ ಮೇಲೆ ಹುಲಿ ಚಿರತೆಗಳ ಸುಳಿವಿಲ್ಲ. ಭೂಖಂಡದಿಂದ ದೂರವಿರುವ ದ್ವೀಪಗಳಾದ್ದರಿಂದ ಸ್ವಂತ ನೆಲದ ಸಸ್ತನಿಗಳೆಂದರೆ ಹೆಚ್ಚಾಗಿ ಬಾವಲಿಗಳು, ಮೂಗಿಲಿಗಳು, ಕಾಡುಹಂದಿ, ಪುನುಗು ಇಷ್ಟೇ. ರಾಸ್ ದ್ವೀಪದಲ್ಲಿ, ಅಂದರೆ ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪದಲ್ಲಿ, ಕಾಣುವ ಚುಕ್ಕೆಜಿಂಕೆಗಳನ್ನು ಬ್ರಿಟಿಷರು ತಂದು ಬಿಟ್ಟದ್ದು. ಆನೆಗಳನ್ನು ಮರ ಎಳೆಯಲು ತಂದದ್ದು. ಕಡಲಿನಲ್ಲಿ ಈಜುತ್ತಿದ್ದ ರಾಜನ್ ಎಂಬ ಆನೆ 2016ರಲ್ಲಿ ತೀರಿಕೊಂಡಿತು, ಅದನ್ನು ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಸ್ತನಿಗಳು ಕಡಿಮೆಯಿರುವ ಆ ಕಾಡಿನಲ್ಲಿ ಹಕ್ಕಿಗಳದೇ ರಾಜ್ಯ, ಅವುಗಳಲ್ಲಿ ಹಲವು ಜಗತ್ತಿನ ಬೇರೆಲ್ಲಿಯೂ ಇಲ್ಲದವು. ಅಂಡಮಾನ್ ಕಾಡುಪಾರಿವಾಳ ಆ ದ್ವೀಪಗಳ ರಾಜ್ಯಪಕ್ಷಿ, ಕತ್ತಿನ ಮೇಲೆ ಚದುರಂಗದ ಮಣೆಯಂಥ ಚೌಕುಳಿ ಇರುತ್ತದೆ. ಅಂಡಮಾನ್ ಕಾಜಾಣ, ಕಪ್ಪು ಬಣ್ಣದ ಅಂಡಮಾನ್ ಮರಕುಟಿಗ, ಅಂಡಮಾನ್ ಮಟಪಕ್ಷಿ, ನಮ್ಮ ಕೆಂಬೂತದ ಸೋದರನಂತಿರುವ ತಿಳಿಕಂದು ಕೆಂಬೂತ, ಇವುಗಳನ್ನು ಹುಡುಕಲು ಪೋರ್ಟ್ ಬ್ಲೇರ್ ಬಳಿಯ ಚಿಡಿಯಾ ಟಾಪು ಸಾಕು. ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರಿದೆ. ಪ್ರವಾಸಿಗರು ಚಿಡಿಯಾ ಟಾಪುವಿಗೆ ಸೂರ್ಯಾಸ್ತ ನೋಡಲು ಸಂಜೆ ಬರುತ್ತಾರೆ, ನೀವು ಬೆಳಗ್ಗೆ ಹೋಗಿ. ಸಂಜೆಯೂ ಕತ್ತಲಾದ ಮೇಲೆ ಅರ್ಧ ಗಂಟೆ ನಿಂತರೆ ಗೂಬೆಗಳ ಕೂಗು ಕೇಳಿಸುತ್ತದೆ. ದ್ವೀಪಗಳು ಪೂರ್ವಕ್ಕೆ ಬಹಳ ದೂರದಲ್ಲಿರುವುದರಿಂದ ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ, ನಮ್ಮ ಊರಿನ ಗಡಿಯಾರದಂತೆ ಯೋಜನೆ ಹಾಕಿಕೊಳ್ಳಬೇಡಿ.

ಸಿಪ್ಪಿಘಾಟ್ ಎಂಬಲ್ಲಿಗೂ ಒಂದು ಬೆಳಗ್ಗೆ ಹೋಗಿಬನ್ನಿ. 2004ರ ಡಿಸೆಂಬರಿನ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರಿನಷ್ಟು ಕುಸಿಯಿತು. ಅಲ್ಲಿದ್ದ ಗದ್ದೆ ತೋಟಗಳಿಗೆ ಕಡಲ ನೀರು ನುಗ್ಗಿ ನಿಂತುಬಿಟ್ಟಿತು. ರೈತರ ಪಾಲಿಗೆ ಅದು ಹೋದ ಭೂಮಿ. ಈಗ ಅಲ್ಲಿ ಒಣಗಿ ನಿಂತ ಮರದ ಬೊಡ್ಡೆಗಳ ನಡುವೆ ಬಾತುಗಳು, ಬೆಳ್ಳಕ್ಕಿಗಳು, ಚಳಿಗಾಲದ ವಲಸೆ ಹಕ್ಕಿಗಳು ಮೇಯುತ್ತವೆ. ವಿಜ್ಞಾನದ ಮೇಷ್ಟ್ರು ಒಬ್ಬರು ಅದನ್ನು ನೋಡಲೇಬೇಕು.

ಸ್ನಾರ್ಕೆಲ್ ಮಾಡುವುದಾದರೆ ಜಾಲಿ ಬಾಯ್ ದ್ವೀಪವನ್ನು ಪರಿಗಣಿಸಿ. 1983ರಲ್ಲಿ ವಂಡೂರಿನಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಅದು ಸೇರಿದೆ. ಅದನ್ನೂ ರೆಡ್ ಸ್ಕಿನ್ ದ್ವೀಪವನ್ನೂ ವರ್ಷದ ಬೇರೆ ಬೇರೆ ಕಾಲದಲ್ಲಿ ತೆರೆಯುತ್ತಾರೆ, ಒಂದಕ್ಕೆ ವಿಶ್ರಾಂತಿ ಸಿಗಲೆಂದು. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಗಾಜಿನ ತಳದ ದೋಣಿಯೂ ಅಲ್ಲಿರುವುದರಿಂದ ನೀರಿಗಿಳಿಯದೆಯೂ ಹವಳ ಕಾಣಬಹುದು. ಕಡಲ ನೀರು ಕಾದು 2010ರಲ್ಲಿ ಅಂಡಮಾನಿನ ಹವಳ ಬಹುಪಾಲು ಬಿಳಿಚಿತು, ಸತ್ತ ಭಾಗಗಳನ್ನೂ ಮರಳಿ ಚಿಗುರಿದ ಭಾಗಗಳನ್ನೂ ಪಕ್ಕಪಕ್ಕದಲ್ಲೇ ಕಾಣುತ್ತೀರಿ. ಹವಳದ ಮೇಲೆ ದಯವಿಟ್ಟು ಕಾಲಿಡಬೇಡಿ. ದಂಡೆಯಲ್ಲಿ ಬಿದ್ದ ಒಣ ಹವಳದ ಚೂರನ್ನೂ ತರಬೇಡಿ. ಅದು 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಅಡಿಯಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುತ್ತಾರೆ. ಕಾಂಡ್ಲಾ ಕಾಡಿನ ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆಯ ಫಲಕ ಇರುವಲ್ಲಿ ಪಾದವನ್ನೂ ತೋಯಿಸಬೇಡಿ.

ಉತ್ತರ: ಭಟ್ಕಳದ ದಾರಿ

ಒಂದೇ ಮಾತು. ನಿಮಗೆ ಸ್ವತಃ ಅಭ್ಯಾಸವಿಲ್ಲದಿದ್ದರೆ ಮೊದಲು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ನೀವು ಇಳಿದು ನೋಡಿ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ದೋಣಿ ಹೋಗುತ್ತದೆ. ತಂದೆಯವರನ್ನು ನೀರಿನೊಳಗೆ ಕರೆದೊಯ್ಯುವ ಮಗಳಿಗೆ ನೀರಿನೊಳಗಿನ ಉಸಿರಾಟದ ಅನುಭವ ಇರಬೇಕು.

ಮರುಉತ್ತರ: ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾವು ಹೋಗಿಬಂದು ಹತ್ತು ದಿನವಾಯಿತು. ಮುಂದೆ ಇದೇ ಪ್ರಶ್ನೆ ಹಿಡಿದು ಬರುವವರಿಗೆ ಅನುಕೂಲವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ವೈದ್ಯರು ಹೇಳಿದಂತೆ ಎರಡೂ ಪರೀಕ್ಷೆ ಮಾಡಿಸಿದೆವು. ಹೃದಯದ ಪರೀಕ್ಷೆ ಚೆನ್ನಾಗಿಯೇ ಬಂತು. ಆದರೆ ಅಪ್ಪನ ಬಲಗಿವಿಯ ತಮಟೆಯಲ್ಲಿ ಹಳೆಯ ತೂತು ಮುಚ್ಚಿಕೊಂಡ ತೆಳು ಕಲೆ ಇದೆಯೆಂದು ಕಿವಿ ತಜ್ಞರು ಕಂಡುಹಿಡಿದರು. ಹುಡುಗನಾಗಿದ್ದಾಗ ಹೊಳೆಗೆ ಎತ್ತರದಿಂದ ಹಾರಿ ಕಿವಿ ಸೋರಿದ್ದನ್ನು ಅಪ್ಪ ಆಗ ನೆನಪಿಸಿಕೊಂಡರು, ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ತಜ್ಞರು, ಸ್ಕೂಬಾ ಬೇಡ, ತಲೆ ಮುಳುಗಿಸಿ ಕೆಳಕ್ಕೆ ಹೋಗದೆ ಮೇಲ್ಮೈಯಲ್ಲಿ ತೇಲುವುದಾದರೆ ಅಡ್ಡಿಯಿಲ್ಲ ಎಂದರು. ಅರ್ಜಿಯಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಬರೆದು ಅವರನ್ನು ಇಳಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ. ಅಪ್ಪ ಅಂದು ಸಂಜೆಯೆಲ್ಲ ಮಾತಾಡಲಿಲ್ಲ. ಮಾರನೆಯ ಬೆಳಗ್ಗೆ ಹಕ್ಕಿಗಳ ಪಟ್ಟಿ ಬರೆಯಲು ಹೊಸ ನೋಟುಪುಸ್ತಕ ತಂದುಕೊಡು ಎಂದರು.

ದಿನಗಳನ್ನು ಹೀಗೆ ಹಂಚಿಕೊಂಡೆವು: ಪೋರ್ಟ್ ಬ್ಲೇರಿನಲ್ಲಿ ಮೂರು ರಾತ್ರಿ, ಹ್ಯಾವ್‌ಲಾಕಿನಲ್ಲಿ ಎರಡು, ನೀಲ್‌ನಲ್ಲಿ ಎರಡು, ಮರಳಿ ಬಂದು ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ. ಬಾರಾತಂಗ್ ಬಿಟ್ಟೆವು. ಹಡಗಿನಲ್ಲಿ ಅಪ್ಪನಿಗೆ ಸ್ವೆಟರೂ ಕಿವಿಗೆ ಮಫ್ಲರೂ ಹಾಕಿಸಿದ್ದೆ. ಹ್ಯಾವ್‌ಲಾಕಿನಲ್ಲಿ ನಾನೊಬ್ಬಳೇ ನಿಮೋ ರೀಫಿನಲ್ಲಿ ಇಳಿದೆ. ಅಪ್ಪ ದಂಡೆಯ ಮರದ ನೆರಳಿನಲ್ಲಿ ಕುಳಿತಿದ್ದು, ನಾನು ಹೊರಗೆ ಬಂದೊಡನೆ, ಯಾವ ಆಕಾರದ ಹವಳ, ಕೋಡಂಗಿ ಮೀನು ಎಷ್ಟಿದ್ದವು, ಕಡಲ ಹೂವಿನ (ಸೀ ಅನಿಮೋನ್) ಎಳೆಗಳನ್ನು ಅವು ಉಜ್ಜಿಕೊಳ್ಳುತ್ತಿದ್ದವೇ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಜಾಲಿ ಬಾಯ್‌ಗೆ ಹೋದದ್ದು ಅದಕ್ಕೂ ಮೊದಲು, ಮೂರನೆಯ ದಿನ. ಲೈಫ್ ಜಾಕೆಟ್ ತೊಡಿಸಿ, ಗಾಳಿ ಬಳೆ ಹಿಡಿಸಿ, ಮಾರ್ಗದರ್ಶಿ ಒಂದು ಕಡೆ, ನಾನು ಇನ್ನೊಂದು ಕಡೆ ತೇಲಿದೆವು. ಮೊದಲ ಎರಡು ನಿಮಿಷ ಅವರು ಬಳೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಮೆದುಳಿನ ಸುರುಳಿಗಳಂತಿರುವ ಗುಂಡು ಹವಳವೊಂದು ಕೆಳಗೆ ಬಂದಾಗ ಆ ಹಿಡಿತ ಸಡಿಲಿತು. ಇದ್ದಕ್ಕಿದ್ದಂತೆ ತಲೆ ಎತ್ತಿ, ಕೊಳವೆ ಬಾಯಿಂದ ತೆಗೆದು, "ಯಾರೋ ಕಡಲೆ ಅಗಿದ ಹಾಗೆ ಕೇಳಿಸುತ್ತಿದೆಯಲ್ಲ, ಏನದು?" ಎಂದರು. ನಾನೂ ಕಿವಿಗೊಟ್ಟೆ, ಕಟಕಟ ಸದ್ದು ನಿಜ. ಮಾರ್ಗದರ್ಶಿ ಬೆರಳು ತೋರಿಸಿದ ಕಡೆ ಹಸಿರು ನೀಲಿ ಬಣ್ಣದ ಗಿಳಿಮೀನೊಂದು ಹವಳಕ್ಕೆ ಕೊಕ್ಕಿನಂಥ ಬಾಯಿ ಹಾಕಿ ಕೆರೆಯುತ್ತಿತ್ತು, ಸ್ವಲ್ಪ ಮುಂದೆ ಹೋಗಿ ಹಿಂದಿನಿಂದ ಬಿಳಿ ಮರಳಿನ ಹೊಗೆ ಬಿಟ್ಟಿತು. ಹವಳ ತಿಂದು ಮರಳು ಮಾಡುವ ಮೀನಿನ ಬಗ್ಗೆ ಎಷ್ಟೋ ವರ್ಷ ಪಾಠ ಹೇಳಿದ್ದೆ, ಅದಕ್ಕೆ ಸದ್ದಿದೆಯೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ ಎಂದು ಅಪ್ಪ ದೋಣಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಇಪ್ಪತ್ತೈದು ನಿಮಿಷಕ್ಕೆ ನಾನೇ ಹೊರಗೆ ಕರೆತಂದೆ.

ಚಿಡಿಯಾ ಟಾಪುವಿನಲ್ಲಿ ಕಾಡುಪಾರಿವಾಳ ಸಿಗಲಿಲ್ಲ, ಮರಕುಟಿಗ ಮತ್ತು ಕಾಜಾಣ ಚೆನ್ನಾಗಿ ಕಂಡವು. ನೋಟುಪುಸ್ತಕದಲ್ಲಿ ಒಟ್ಟು 38 ಹಕ್ಕಿಗಳ ಹೆಸರಿವೆ, ಪಾರಿವಾಳಕ್ಕೆಂದು ಒಂದು ಸಾಲು ಖಾಲಿ ಬಿಟ್ಟಿದ್ದಾರೆ. ನೀಲ್‌ನ ಬಂಡೆಗುಂಡಿಗಳ ಬಗ್ಗೆ ಕಡಲಂಚು ಅವರು ಬರೆದದ್ದು ಅಕ್ಷರಶಃ ನಿಜ. ಹುಣ್ಣಿಮೆಯ ಮರುದಿನ ಹೋಗಿದ್ದೆವು, ಅಪ್ಪ ಊಟದ ಹೊತ್ತು ಮರೆತರು.

ಭಟ್ಕಳದ ದಾರಿಯವರ ಮಾತನ್ನು ಮೊದಲೇ ಕೇಳಬೇಕಿತ್ತು, ರಜೆ ಸಿಗಲಿಲ್ಲ. ಬೇಸಿಗೆ ಮುಗಿಯುವ ಮೊದಲು ನೇತ್ರಾಣಿಗೆ ಹೋಗುತ್ತೇನೆ. ಅಪ್ಪನೂ ದೋಣಿಯಲ್ಲಿ ಬರುವುದಾಗಿ ಹೇಳಿದ್ದಾರೆ, ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆಯಂತೆ. ಅಷ್ಟು ಹೊತ್ತು ದೋಣಿಯಲ್ಲೇ ಕುಳಿತಿರಲು ಹಿರಿಯರಿಗೆ ನೆರಳಿನ ವ್ಯವಸ್ಥೆ ಇರುತ್ತದೆಯೇ ಎಂಬುದನ್ನು ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ.